ಶಾಂತಲಾದೇವಿಯ ಮರಣ: ಶಾಸನದ ಮಾತು, ಕಾದಂಬರಿಯ ಕಥೆ

ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿಯಾದ ಶಾಂತಲೆಯಷ್ಟು ಕನ್ನಡ ಕಾದಂಬರಿಕಾರರ ಮನಸ್ಸನ್ನು ಸೆಳೆದ ಐತಿಹಾಸಿಕ ಸ್ತ್ರೀವ್ಯಕ್ತಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಆಕೆಯ ಜೀವನವನ್ನು ಕುರಿತು ಶಾಸನಗಳಲ್ಲಿ ದೊರೆಯುವ ಸಂಗತಿಗಳು ಕೆಲವೇ ಆದರೂ ಸ್ಪಷ್ಟವಾಗಿವೆ. ಕಾದಂಬರಿಗಳಲ್ಲಿ ದೊರೆಯುವ ಸಂಗತಿಗಳಾದರೋ ಸಾವಿರಾರು ಪುಟಗಳಷ್ಟಿವೆ. ಈ ಅಂತರದಲ್ಲಿ ಆಶ್ಚರ್ಯಪಡಬೇಕಾದುದು ಏನೂ ಇಲ್ಲ. ಶಾಸನವು ಬಿಟ್ಟ ಎಡೆಯನ್ನು ತುಂಬುವುದೇ ಐತಿಹಾಸಿಕ ಕಾದಂಬರಿಯ ಕೆಲಸ. ಆದರೆ ಹೀಗೆ ತುಂಬಿದ ಭಾಗವು ಕಾಲಕ್ರಮದಲ್ಲಿ ಮರಳಿ ಇತಿಹಾಸದೊಳಕ್ಕೆ ಬಂದು, ಪ್ರವಾಸಿಗಳಿಗೆ ತೋರಿಸುವ ಸ್ಥಳವಾಗಿ, ಶಾಲಾಬಾಲಕರಿಗೆ ಹೇಳುವ ಕಥೆಯಾಗಿ, ಕೊನೆಗೆ ಶಾಸನವೇ ಹಾಗೆ ಹೇಳುತ್ತದೆಯೆಂಬ ನಂಬಿಕೆಯಾಗಿ ಪರಿಣಮಿಸಿದಾಗ ಮೂಲವನ್ನು ಮತ್ತೊಮ್ಮೆ ಓದಿ ನೋಡುವುದು ಅವಶ್ಯವಾಗುತ್ತದೆ. ಶಾಂತಲೆಯ ಮರಣದ ವಿಷಯದಲ್ಲಿ ಹೀಗೆಯೇ ಆಗಿದೆ.

ಆಕೆ ಶಿವಗಂಗೆಯ ಬೆಟ್ಟದ ತುದಿಯಿಂದ ಕೆಳಗೆ ಧುಮುಕಿ ಪ್ರಾಣತ್ಯಾಗ ಮಾಡಿದಳೆಂಬ ಕಥೆಯು ಇಂದು ವ್ಯಾಪಕವಾಗಿ ಪ್ರಚಾರದಲ್ಲಿದೆ. ನೆಲಮಂಗಲ ತಾಲ್ಲೂಕಿನ ಆ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಅದರ ಮೇಲ್ಭಾಗದ ಒಂದು ಕಡಿದಾದ ಅಂಚಿಗೆ ‘ಶಾಂತಲಾ ಡ್ರಾಪ್’ ಎಂಬ ಹೆಸರೇ ನಿಂತುಹೋಗಿದೆ. ಕಾರಣವನ್ನು ಕೇಳಿದರೆ, ಮಕ್ಕಳಿಲ್ಲದ ಕೊರಗೆಂದು ಒಬ್ಬರು, ಸವತಿಯ ಕಾಟವೆಂದು ಮತ್ತೊಬ್ಬರು, ಪತಿಯು ಮತಾಂತರ ಹೊಂದಿದ ನೋವೆಂದು ಮಗುದೊಬ್ಬರು ಹೇಳುತ್ತಾರೆ. ಈ ಮೂರಕ್ಕೂ ಆಧಾರವೆಂದು ತೋರಿಸಲಾಗುವುದು ಶ್ರವಣಬೆಳಗೊಳದ ಶಾಸನವನ್ನೇ.

ಆ ಶಾಸನವು ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯ ಬಳಿಯಲ್ಲಿದೆ. ಲೂಯಿಸ್ ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ 144 ಶಾಸನಗಳಲ್ಲಿಯೇ ಅದು ಸೇರಿತ್ತು. ಆರ್. ನರಸಿಂಹಾಚಾರ್ಯರು 1923ರಲ್ಲಿ 500 ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರತಂದಾಗಲೂ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ 573 ಶಾಸನಗಳನ್ನು ಒಳಗೊಂಡ ಆವೃತ್ತಿಯನ್ನು ಪ್ರಕಟಿಸಿದಾಗಲೂ ಅದು ಮತ್ತೆ ಮುದ್ರಿತವಾಯಿತು. ಎಂದರೆ ಒಂದು ಶತಮಾನಕ್ಕೂ ಮೀರಿದ ಕಾಲದಿಂದ ಈ ಪಾಠವು ಬಯಸಿದವರ ಕೈಗೆ ಸಿಕ್ಕುವಂತೆ ಇದೆ. ಮೂಲವು ಅಲಭ್ಯವಾಗಿದ್ದುದರಿಂದ ಕಥೆ ಬೆಳೆಯಿತೆಂದು ಹೇಳುವಂತಿಲ್ಲ.

ಶಾಸನೋಕ್ತ ವಿಷಯವು ಹೀಗಿದೆ. ವಿಷ್ಣುವರ್ಧನನ ಪ್ರಶಸ್ತಿಯಾದ ಬಳಿಕ ಪಟ್ಟಮಹಾದೇವಿಯಾದ ಶಾಂತಲೆಯ ಗುಣವರ್ಣನೆ ಬರುತ್ತದೆ. ಅನಂತರ, ಶಕವರ್ಷ 1053ನೆಯ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರದಂದು, ಅಂದರೆ ಕ್ರಿ.ಶ. 1131ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗತೆಯಾದಳೆಂದು ಹೇಳಿದೆ. ಮರಣದ ವಿಷಯದಲ್ಲಿ ಇಷ್ಟೇ. ಬೆಟ್ಟದ ತುದಿಯಾಗಲಿ, ಧುಮುಕುವುದಾಗಲಿ, ಕೊರಗಾಗಲಿ, ಸವತಿಯಾಗಲಿ ಆ ವಾಕ್ಯದಲ್ಲಿ ಇಲ್ಲ. ಊರು, ತಿಥಿ, ಒಂದು ಕ್ರಿಯಾಪದ, ಇವು ಮಾತ್ರ ಇವೆ. ಸಕಲ ಕಥೆಯೂ ಆ ಒಂದು ಕ್ರಿಯಾಪದದ ಮೇಲೆ ನಿಂತಿರುವುದರಿಂದ ಅದನ್ನು ತುಸು ವಿವರವಾಗಿ ಪರಿಶೀಲಿಸಬೇಕು.

‘ಮುಡಿಪು’ ಎಂಬುದು ಬೆಳಗೊಳದ ಶಾಸನಗಳನ್ನು ಓದಿದವರಿಗೆ ಅಪರಿಚಿತ ಶಬ್ದವಲ್ಲ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳು ಎಂಟನೆಯ ಶತಮಾನಗಳಲ್ಲಿ ಕೊರೆದ ಚಿಕ್ಕ ಚಿಕ್ಕ ನಿಸಿದಿ ಶಾಸನಗಳಲ್ಲಿ ಮುನಿಗಳೂ ಕಂತಿಯರೂ ನೋಂಪಿಯನ್ನು ನೋಂತು ದೇಹವನ್ನು ಬಿಟ್ಟ ಸಂಗತಿಯನ್ನು ಹೇಳುವಾಗ ‘ಮುಡಿಪ್ಪಿದರ್’ ಎಂಬ ರೂಪವು ಮತ್ತೆ ಮತ್ತೆ ಬರುತ್ತದೆ. ಮುಗಿಸು, ಕೊನೆಗಾಣಿಸು ಎಂಬುದು ಧಾತ್ವರ್ಥ. ಹಿಡಿದ ವ್ರತವನ್ನು ಕೊನೆಮುಟ್ಟಿಸಿದರು ಎಂಬುದೇ ಅಲ್ಲಿಯ ತಾತ್ಪರ್ಯ. ದೇವರಿಗೆಂದು ಕಟ್ಟಿಡುವ ಹರಕೆಯ ಗಂಟಿಗೆ ಇಂದಿಗೂ ‘ಮುಡಿಪು’ ಎಂದೇ ಹೆಸರಿರುವುದನ್ನು ನೆನೆದರೆ, ಈ ಶಬ್ದದ ಸುತ್ತ ಇರುವ ಸಮರ್ಪಣೆಯ ವಾತಾವರಣವು ಸ್ಪಷ್ಟವಾಗುತ್ತದೆ. ಹನ್ನೆರಡನೆಯ ಶತಮಾನದ ವೇಳೆಗೆ ಶಬ್ದದ ವ್ಯಾಪ್ತಿ ಹಿಗ್ಗಿ, ಗೌರವಾರ್ಹರಾದವರ ಮರಣವನ್ನು ಸಾಮಾನ್ಯವಾಗಿ ಸೂಚಿಸಲೂ ಅದು ಬಳಕೆಯಾಗುತ್ತಿತ್ತು. ಆದುದರಿಂದ ಇದಕ್ಕೆ ‘ವ್ರತವನ್ನು ಮುಗಿಸಿ ಮಡಿದಳು’ ಎಂದೂ ಅರ್ಥಮಾಡಬಹುದು, ‘ತೀರಿಕೊಂಡಳು’ ಎಂದೂ ಅರ್ಥಮಾಡಬಹುದು. ‘ತನ್ನನ್ನು ತಾನೇ ಕೊಂದುಕೊಂಡಳು’ ಎಂಬ ಅರ್ಥ ಮಾತ್ರ ಈ ಶಬ್ದದಿಂದ ಹೊರಡುವುದಿಲ್ಲ. ಸ್ವಯಂಕೃತ ಮರಣವೆಂಬ ಒಂದು ಎಳೆಯನ್ನು ಈ ಶಬ್ದದ ಪೂರ್ವಪ್ರಯೋಗಗಳಿಂದ ಹಿಡಿದು, ಸಲ್ಲೇಖನೆಗೂ ಆತ್ಮಹತ್ಯೆಗೂ ಇರುವ ಅಂತರವನ್ನು ಅರಿಯದೆ, ಅದನ್ನು ಬೆಟ್ಟದ ತುದಿಗೆ ಒಯ್ದುದರಿಂದ ಈ ಕಥೆ ಹುಟ್ಟಿರಬೇಕೆಂದು ತೋರುತ್ತದೆ.

ಇದಕ್ಕೆ ಪ್ರತಿಯಾಗಿ, ಶಾಂತಲೆಯು ಸಲ್ಲೇಖನಾವ್ರತದಿಂದಲೇ ಸಮಾಧಿಮರಣವನ್ನು ಹೊಂದಿದಳೆಂದು ಜೈನ ವಿದ್ವಾಂಸರಲ್ಲಿ ಕೆಲವರು ಅಷ್ಟೇ ನಿಶ್ಚಯವಾಗಿ ಬರೆಯುವುದುಂಟು. ಧರ್ಮಾಭಿಮಾನದಿಂದ ಇದು ಸಹಜವೇ. ಆದರೆ ಅದೇ ಶಾಸನದ ಮುಂದಿನ ಭಾಗವು ಈ ನಿಶ್ಚಯಕ್ಕೆ ಅಡ್ಡಬರುತ್ತದೆ.

ಶಾಂತಲೆಯ ಮರಣವನ್ನು ಒಂದು ವಾಕ್ಯದಲ್ಲಿ ಮುಗಿಸಿದ ಶಾಸನವು ಆಕೆಯ ತಾಯಿಯಾದ ಮಾಚಿಕಬ್ಬೆಯ ಕಡೆಗೆ ತಿರುಗುತ್ತದೆ. ಮಗಳು ಉನ್ನತಗತಿಯನ್ನು ಪಡೆದ ಮೇಲೆ ತಾವು ಹಿಂದುಳಿಯುವುದು ಸಲ್ಲದೆಂದು ಹೇಳಿ ಆಕೆ ಬೆಳಗೊಳಕ್ಕೆ ಬಂದಳು; ಕಠಿನವಾದ ಸನ್ಯಸನವನ್ನು ಕೈಕೊಂಡಳು; ಬಂಧುಗಳನ್ನು ಬೀಳ್ಕೊಂಡಳು; ಅರೆಮುಚ್ಚಿದ ಕಣ್ಣುಗಳಿಂದ, ಪಂಚಪದಗಳನ್ನು ಉಚ್ಚರಿಸುತ್ತ, ಜಿನೇಂದ್ರನನ್ನು ಧ್ಯಾನಿಸುತ್ತ, ಒಂದು ತಿಂಗಳು ಅನಶನದಲ್ಲಿದ್ದು ಸಮಾಧಿಯಿಂದ ದೇವಗತಿಯನ್ನು ಪಡೆದಳು. ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು, ರವಿಚಂದ್ರದೇವರು ಇವರ ಸನ್ನಿಧಿಯಲ್ಲಿ ಇದು ನಡೆಯಿತೆಂದು ಹೆಸರುಗಳ ಸಹಿತ ಹೇಳಿದೆ. ಆಕೆಯ ವಂಶವನ್ನೂ ಬಿಟ್ಟಿಲ್ಲ: ದಂಡನಾಯಕ ನಾಗವರ್ಮನ ಮಗ ಬಲದೇವ, ಬಲದೇವನಿಗೂ ಬಾಚಿಕಬ್ಬೆಗೂ ಹುಟ್ಟಿದವಳು ಮಾಚಿಕಬ್ಬೆ, ಆಕೆಯ ಸಹೋದರ ಸಿಂಗಿಮಯ್ಯ. ಹೀಗೆ ವಿಷಯಕ್ಕೆ ಬೇಕಾದುದೆಲ್ಲವೂ ಇದೆ.

ಶಾಸನವನ್ನು ಬರೆದ ಲೇಖಕನು ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡನಾದ ಬೋಕಿಮಯ್ಯ. ಶಾಂತಲೆಯೂ ಅದೇ ಪ್ರಭಾಚಂದ್ರರ ಶಿಷ್ಯೆ. ತನ್ನ ಗುರುಗಳ ಶಿಷ್ಯೆಯಾದ ಪಟ್ಟಮಹಾದೇವಿಯು ಸನ್ಯಸನವಿಧಿಯಿಂದ ಮುಡಿಪಿದ್ದರೆ, ಆಕೆಯ ತಾಯಿಯ ಅನಶನದ ದಿನಗಳನ್ನು ಲೆಕ್ಕವಿಟ್ಟು ಬರೆದ ಲೇಖಕನು ಮಗಳ ವಿಷಯದಲ್ಲಿ ಅದನ್ನು ಹೇಳದೆ ಬಿಡುತ್ತಿದ್ದನೆ? ಅದೇ ಬೆಟ್ಟದ ಸಮಕಾಲೀನ ಶಾಸನಗಳನ್ನು ಹೋಲಿಸಿದರೆ ಈ ಸಂದೇಹವು ಬಲವಾಗುತ್ತದೆ. ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ ಇವರಿಬ್ಬರೂ 1120ರ ಆಚೀಚೆಗೆ ಸಮಾಧಿಮರಣವನ್ನು ಹೊಂದಿದವರು. ಅವರ ಶಾಸನಗಳಲ್ಲಿ ಸನ್ಯಸನವನ್ನೂ ಸಮಾಧಿಯನ್ನೂ ಬಾಯಿಬಿಟ್ಟು ಹೇಳಿದೆ. ಹೇಳುವ ಪದ್ಧತಿ ಇದ್ದ ಕಡೆ, ಹೇಳಲು ಬಲ್ಲವನು, ಹೇಳಬೇಕಾದವಳ ವಿಷಯದಲ್ಲಿ ಹೇಳದೆ ಇದ್ದುದನ್ನು ಅಲಕ್ಷಿಸುವುದು ಯುಕ್ತವಲ್ಲ. ಆಕೆ ತೀರ್ಥಯಾತ್ರೆಯಲ್ಲಿದ್ದಾಗ ಆಕಸ್ಮಿಕವಾಗಿ ತೀರಿಕೊಂಡಿರಬಹುದೆಂಬ ಊಹೆಯು, ಊಹೆಯೆಂಬ ಮಿತಿಯಲ್ಲಿ, ಉಳಿದ ಎರಡಕ್ಕಿಂತ ಈ ಮೌನಕ್ಕೆ ಹೆಚ್ಚು ಒಪ್ಪುತ್ತದೆ. ಶಿವಗಂಗೆಯಲ್ಲಿ ಇರುವುದು ಗಂಗಾಧರೇಶ್ವರನ ಕ್ಷೇತ್ರ. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಮಯ್ಯನು ಶಿವಭಕ್ತನೆಂಬುದು ಪ್ರಸಿದ್ಧವಾದ ಸಂಗತಿ. ಆ ಮನೆತನದವರು ಅಲ್ಲಿಗೆ ಹೋಗಿದ್ದುದಕ್ಕೆ ಬೇರೆ ವಿಶೇಷ ಕಾರಣವನ್ನು ಹುಡುಕಬೇಕಾಗಿಲ್ಲ.

ಬೆಟ್ಟದಿಂದ ಬೀಳುವ ಕಥೆಯ ವಿರುದ್ಧವಾಗಿ ಮತ್ತೊಂದು ಪ್ರಮಾಣವಿದೆ. ಅದು ಪಂಡಿತರಿಗೆ ಕಂಠಸ್ಥವಾಗಿರುವಂಥದೇ ಆದರೂ ಈ ಚರ್ಚೆಯಲ್ಲಿ ಅಪರೂಪವಾಗಿ ಬಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ನಿರೂಪಿಸುತ್ತ ಮೂರು ಮೂಢತೆಗಳನ್ನು ಹೇಳುವಾಗ, ಲೋಕಮೂಢತೆಗೆ ಕೊಡುವ ಉದಾಹರಣೆಗಳಲ್ಲಿ ಪುಣ್ಯವೆಂದು ನದಿಸಮುದ್ರಗಳಲ್ಲಿ ಮೀಯುವುದರ ಜತೆಗೆ ಗಿರಿಪಾತವನ್ನೂ ಅಗ್ನಿಪಾತವನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ಬೆಟ್ಟದಿಂದ ಬಿದ್ದು ಸಾಯುವುದು ಸಮ್ಯಕ್ತ್ವಕ್ಕೆ ಮಲವೆಂದು ಶ್ರಾವಕಾಚಾರದ ಮೂಲಗ್ರಂಥವೇ ಹೇಳುತ್ತಿದೆ. ಶಾಸನಗಳಲ್ಲಿ ಶಾಂತಲೆಗೆ ಇರುವ ಬಿರುದುಗಳಲ್ಲಿ ಒಂದು ‘ಸಮ್ಯಕ್ತ್ವಚೂಡಾಮಣಿ’. ಗಿರಿಪಾತದಿಂದ ಮಡಿದ ಶ್ರಾವಕಿಯನ್ನು ಸಿದ್ಧಾಂತದೇವರ ಗುಡ್ಡನೊಬ್ಬನು ಬೆಳಗೊಳದ ಬೆಟ್ಟದ ಮೇಲೆ ಹೀಗೆ ಹಾಡಿ ಹೊಗಳಿ ಸ್ವರ್ಗತೆಯಾದಳೆಂದು ಬರೆಸುವುದು ಸಂಭಾವ್ಯವಲ್ಲ. ಇದರಿಂದ ಆಕೆ ಬಿದ್ದಿರಲೇ ಇಲ್ಲವೆಂದು ಸಾಧಿಸಿದಂತಾಗದೆಂಬ ಆಕ್ಷೇಪಣೆಯನ್ನು ಒಪ್ಪಬಹುದು. ಆದರೆ ಶಾಸನವೇ ಆ ಕಥೆಗೆ ಆಧಾರವೆಂಬ ವಾದವು ಇಲ್ಲಿಗೆ ಬಿದ್ದುಹೋಗುತ್ತದೆ.

ಮಾಚಿಕಬ್ಬೆಯ ವೃತ್ತಾಂತದಲ್ಲಿಯೂ ವಿಚಾರಣೀಯವಾದ ಒಂದು ಅಂಶವಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವಿಲ್ಲದೆ ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆಯೆಂದು ಅದೇ ಸಮಂತಭದ್ರರು ನಿಯಮಿಸಿದ್ದಾರೆ. ಪುತ್ರೀಶೋಕವು ಈ ನಾಲ್ಕರಲ್ಲಿ ಇಲ್ಲ. ಮಗಳನ್ನು ಕಳೆದುಕೊಂಡು ಹಿಂದುಳಿಯಲಾರೆನೆಂದ ತಾಯಿಯ ಮಾತನ್ನು ಮಾತ್ರ ಬರೆದು ನಿಲ್ಲಿಸಿದ್ದರೆ ಅದು ಶೋಕಮರಣವೆಂದೇ ತೋರುತ್ತಿತ್ತು. ಬೋಕಿಮಯ್ಯನು ಅಲ್ಲಿ ನಿಲ್ಲಿಸುವುದಿಲ್ಲ. ಬಂಧುಗಳನ್ನು ಬೀಳ್ಕೊಂಡುದು, ಗುರುಗಳ ಸಾನ್ನಿಧ್ಯ, ಪಂಚಪದಗಳ ಉಚ್ಚಾರಣೆ, ತಿಂಗಳ ಕಾಲದ ಅನಶನ, ಇವನ್ನು ಒಂದೊಂದಾಗಿ ದಾಖಲೆ ಮಾಡಿರುವುದು ಕೇವಲ ಸ್ತುತಿಗಾಗಿ ಇರಲಾರದು. ಶೋಕದಿಂದ ಹೊರಟ ಮನಸ್ಸು ವಿಧಿಯಿಂದ ಶುದ್ಧವಾಗಿ ರಾಗದ್ವೇಷಗಳನ್ನು ದಾಟಿತೆಂಬುದನ್ನು ತೋರಿಸುವ ಹೊಣೆ ಲೇಖಕನಿಗೆ ಇತ್ತು. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ, ರಾಗದ್ವೇಷಮೋಹಗಳಿಲ್ಲದ ಕಾರಣ ಸಲ್ಲೇಖನೆಯು ಆತ್ಮವಧವಾಗದೆಂದು ಸಮಾಧಾನ ಹೇಳಿದ್ದಾರೆ. ಶಾಸನದ ಆ ಕೆಲವು ಸಾಲುಗಳು ಆ ಸಮಾಧಾನವನ್ನು ಬಲ್ಲವನ ಬರೆಹ.

ಈ ಭೇದವು ಹಳೆಯ ಗ್ರಂಥಗಳಿಗೆ ಮಾತ್ರ ಸೇರಿದುದಲ್ಲ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ದೇಶದ ಜೈನಸಮಾಜವೆಲ್ಲವೂ ಕದಡಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಇಂತಹ ಸಂದರ್ಭದಲ್ಲಿ ಕರ್ನಾಟಕದ ಅತಿ ಪ್ರಸಿದ್ಧ ಜೈನ ರಾಣಿಯನ್ನು ಬೆಟ್ಟದಿಂದ ಹಾರಿದವಳೆಂದು ನಂಬುವುದಕ್ಕೂ, ಆಕೆಯ ತಾಯಿಯ ಸಮಾಧಿಯನ್ನು ಆ ಕಥೆಯ ಬಾಲವೆಂದು ಕಾಣುವುದಕ್ಕೂ ಇರುವ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಇನ್ನು ಕಾದಂಬರಿಗಳ ಮಾತು. ಬೆಂಗಳೂರಿನಲ್ಲಿ ವ್ಯಾಯಾಮಶಿಕ್ಷಕರೆಂದು ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯು ಇಪ್ಪತ್ತನೆಯ ಶತಮಾನದ ನಡುಗಾಲದ ಓದುಗರನ್ನು ಸೆರೆಹಿಡಿದ ಕೃತಿ. ಗೆಳತಿಯಾದ ಲಕ್ಷ್ಮಿಯನ್ನು ಸವತಿಯಾಗಿ ಸ್ವೀಕರಿಸುವ ತ್ಯಾಗಮಯಿಯಾದ ಶಾಂತಲೆಯನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದುದು ಮುಖ್ಯವಾಗಿ ಈ ಕೃತಿಯೇ. ಅದರ ಸೊಬಗು ಕಥನದಲ್ಲಿದೆ; ಶಾಸನಶೋಧನೆಯನ್ನು ಅದರಲ್ಲಿ ಅರಸುವುದು ಲೇಖಕರಿಗೆ ಮಾಡುವ ಅನ್ಯಾಯ. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಯ ಬಗೆ ಬೇರೆ. 1978ರಲ್ಲಿ ಪ್ರಕಟವಾದ, ನಾಲ್ಕು ಸಂಪುಟಗಳ ಈ ಬೃಹತ್ ಕೃತಿಗೆ ಭಾರತೀಯ ಜ್ಞಾನಪೀಠವು ಮೂರ್ತಿದೇವಿ ಪ್ರಶಸ್ತಿಯನ್ನು ಸ್ಥಾಪಿಸಿದಾಗ 1983ರ ಮೊದಲನೆಯ ಪ್ರಶಸ್ತಿ ಸಂದಿತು. ಶಾಸನಗಳನ್ನು ಮುಂದಿಟ್ಟುಕೊಂಡು ಬರೆಯಬೇಕೆಂಬ ಹಟ ಇಲ್ಲಿ ಕಾಣುತ್ತದೆ. ಶಾಸನದ ಲೇಖಕನಾದ ಬೋಕಿಮಯ್ಯನು ಈ ಕಾದಂಬರಿಯಲ್ಲಿ ಶಾಂತಲೆಯ ಬಾಲ್ಯದ ವಿದ್ಯಾಗುರುವಾಗಿ ಬರುತ್ತಾನೆ. ಶಾಸನವು ಅವನನ್ನು ಆಕೆಯ ಗುರುವೆಂದು ಹೇಳುವುದಿಲ್ಲ. ಅಲ್ಲಿ ಅವನು ಒಂದು ಹೆಸರು ಮಾತ್ರ. ಆದರೂ ಶಾಸನದ ಕೊನೆಯ ಸಾಲುಗಳನ್ನು ಬಿಡದೆ ಓದಿದವನಿಗೆ ಮಾತ್ರ ಹೊಳೆಯಬಹುದಾದ ಕಲ್ಪನೆ ಇದು. ಶಾಸನಕ್ಕೆ ವಿರುದ್ಧವಾಗದೆ ಶಾಸನದಿಂದಲೇ ಮೊಳೆತ ಇಂತಹ ಕಲ್ಪನೆಗೆ ಆಕ್ಷೇಪಣೆ ಸಲ್ಲದು.

ನಾಗರಾಜರಾಯರು ಶಾಂತಲೆಯನ್ನು ಬಂಜೆಯೆಂದು ಒಪ್ಪದೆ, ಆಕೆಗೆ ಮೂವರು ಗಂಡುಮಕ್ಕಳನ್ನೂ ಹರಿಯಲದೇವಿಯೆಂಬ ಮಗಳನ್ನೂ ಕಲ್ಪಿಸಿದ್ದಾರೆ. ಇಲ್ಲಿ ಪರೀಕ್ಷೆ ಹೆಚ್ಚು ಕಟ್ಟುನಿಟ್ಟಾಗಬೇಕು. ಮೂಡಿಗೆರೆ ತಾಲ್ಲೂಕಿನ ಹಂತೂರಿನಲ್ಲಿರುವ 1130ರ ಶಾಸನದಲ್ಲಿ ವಿಷ್ಣುವರ್ಧನನ ಮಗಳಾದ ಹರಿಯಬ್ಬರಸಿಯು ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯೆಯಾಗಿ ಒಂದು ಬಸದಿಯನ್ನು ಕಟ್ಟಿಸಿದ ವಿಷಯವಿದೆ; ಆಕೆಯ ಸಹೋದರನಾದ ಕುಮಾರ ಬಲ್ಲಾಳದೇವನ ಹೆಸರೂ ಅಲ್ಲಿ ಬರುತ್ತದೆ. ಹರಿಯಬ್ಬರಸಿಯು ಶಾಂತಲೆಯ ಮಗಳಾಗಿರುವುದು ಕಾಲದೃಷ್ಟಿಯಿಂದ ಸಾಧ್ಯ; ಜಿನಭಕ್ತಿಯನ್ನು ನೋಡಿದರೆ ಒಪ್ಪುವಂತೆಯೂ ಇದೆ. ಆದರೆ ಸಾಧ್ಯವೆಂಬುದರಿಂದ ಸಿದ್ಧವಾಗದು. ಈ ಶಾಸನದ ನಿಜವಾದ ಪ್ರಯೋಜನವು ಬೇರೆಡೆಯಲ್ಲಿದೆ. ತಾಯಿ ಯಾರೇ ಆಗಿರಲಿ, ಶಾಂತಲೆಯು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು ವಿಷ್ಣುವರ್ಧನನಿಗೆ ಒಬ್ಬ ಕುಮಾರನೂ ಬಸದಿಯನ್ನು ಕಟ್ಟಿಸುವಷ್ಟು ಬೆಳೆದ ಮಗಳೂ ಇದ್ದರೆಂಬುದು ಇದರಿಂದ ನಿಶ್ಚಿತವಾಗುತ್ತದೆ. ರಾಜ್ಯಕ್ಕೆ ವಾರಸುದಾರನಿಲ್ಲದ ಅರಮನೆ, ಅದಕ್ಕಾಗಿ ಕೊರಗುವ ಪಟ್ಟದರಸಿ ಎಂಬ ಜನಪ್ರಿಯ ಕಥೆಯ ಹಿನ್ನೆಲೆಯೇ ಇದರಿಂದ ಸಡಿಲಾಗುತ್ತದೆ.

ಸವತಿಗೆ ಮಗ ಹುಟ್ಟಿದ ನೋವೆಂಬ ಕಾರಣವು ಇನ್ನೂ ದುರ್ಬಲವಾದುದು. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯಾದ ಬಳಿಕ ಶೇಷೆಯನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದಾಗ, ಅರಸನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ಅದೇ ಸಮಯಕ್ಕೆ ಮಗನೂ ಹುಟ್ಟಿದ್ದನು. ಸಂತೋಷಗೊಂಡ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಬಿಟ್ಟನೆಂದು ಹಳೇಬೀಡಿನ ಆ ಬಸದಿಯ ಶಾಸನವು ಹೇಳುತ್ತದೆ. ಇದು ನಡೆದುದು 1133ರಲ್ಲಿ. ಲಕ್ಷ್ಮೀದೇವಿಯ ಮಗನಾದ ನರಸಿಂಹನು ಹುಟ್ಟುವ ಹೊತ್ತಿಗೆ ಶಾಂತಲೆಯು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಆಕೆ ಆ ಮಗುವನ್ನು ಕಂಡು ನೋಯುವುದಾಗಲಿ, ಅದರ ಹಾದಿಯಿಂದ ಸರಿದು ನಿಲ್ಲುವುದಾಗಲಿ ಶಕ್ಯವಿರಲಿಲ್ಲ.

ಸವತಿಯ ಮಾತಿಗೆ ಆಧಾರವಾಗಿರುವುದು ಶಾಂತಲೆಯ ‘ಉದ್ವೃತ್ತಸವತಿಗಂಧವಾರಣೆ’ ಎಂಬ ಬಿರುದು. ಸೊಕ್ಕಿದ ಸವತಿಯರಿಗೆ ಮದ್ದಾನೆಯಂಥವಳು ಎಂಬ ಈ ಬಿರುದಿನಿಂದ ಅಂತಃಪುರದ ಜಗಳವನ್ನು ಊಹಿಸುವುದು ಸುಲಭ. ಆದರೆ ಬಿರುದು ದಿನಚರಿಯಲ್ಲ. ಅರಸನ ಬಿರುದಿನಲ್ಲಿ ಶತ್ರುರಾಜರು ಇರುವ ಹಾಗೆಯೇ ಅರಸಿಯ ಬಿರುದಿನಲ್ಲಿ ಸವತಿಯರು ಇರುತ್ತಾರೆ. ಪಟ್ಟದ ಸ್ಥಾನವನ್ನು ಘೋಷಿಸುವ ರೀತಿ ಅದು. ತನ್ನ ಮನೆಯ ನೋವನ್ನೇ ಬಸದಿಯ ಹೆಸರಾಗಿ ಯಾವ ಅರಸಿಯೂ ಇಡುವುದಿಲ್ಲ, ಶಾಂತಲೆ ಅದನ್ನು ಹೆಮ್ಮೆಯಿಂದ ಇಟ್ಟಿದ್ದಾಳೆ. ಶಕವರ್ಷ 1045, ಎಂದರೆ ಕ್ರಿ.ಶ. 1123ರಲ್ಲಿ, ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆಕೆ ಕಟ್ಟಿಸಿದ ಸವತಿಗಂಧವಾರಣ ಬಸದಿಯು ಸುಮಾರು 69 ಅಡಿ ಉದ್ದ, 35 ಅಡಿ ಅಗಲದ ಸರಳವಾದ ಕಟ್ಟಡ, ಮೂಲನಾಯಕನು ಶಾಂತಿನಾಥ. ಅದರ ಪೂಜೆಗೂ ಋಷಿಗಳ ಆಹಾರದಾನಕ್ಕೂ ವಿಷ್ಣುವರ್ಧನನ ಅನುಮತಿಯನ್ನು ಪಡೆದು ಮೊಟ್ಟೆನವಿಲೆ ಎಂಬ ಗ್ರಾಮವನ್ನು ಮೂಲಸಂಘ ದೇಶೀಯಗಣ ಪುಸ್ತಕಗಚ್ಛದ ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದುಕೊಟ್ಟಳು.

ಪತಿಯ ಮತಾಂತರದಿಂದ ನೊಂದಳೆಂಬ ಮೂರನೆಯ ಕಾರಣಕ್ಕೆ ಕಾದಂಬರಿಕಾರರನ್ನು ಮಾತ್ರ ಹೊಣೆಮಾಡುವುದು ನ್ಯಾಯವಲ್ಲ. ವೈಷ್ಣವನಾದ ವಿಷ್ಣುವರ್ಧನನು ಬಸದಿಗಳನ್ನು ಕೆಡಿಸಿದನೆಂದೂ, ಅದರ ಫಲವಾಗಿ ಅಡಗೂರಿನ ಬಳಿ ನೆಲ ಬಿರಿಯಿತೆಂದೂ, ಕೊನೆಗೆ ಜೈನಗುರುಗಳೇ ಅದನ್ನು ಶಮನಗೊಳಿಸಿದರೆಂದೂ ಬೆಳಗೊಳದ ಸ್ಥಳಪುರಾಣದ ಪರಂಪರೆಯು ಹೇಳುತ್ತ ಬಂದಿದೆ. ಓಲೆಗರಿಗಳಲ್ಲಿಯೂ ಕಡತಗಳಲ್ಲಿಯೂ ಉಳಿದು ಬಂದ ಇಂತಹ ಕಥೆಗಳೂ ಒಂದು ಬಗೆಯ ಐತಿಹಾಸಿಕ ಕಾದಂಬರಿಗಳೇ. ಬರೆದವರು ಮಾತ್ರ ಜೈನರು. ಸಮಕಾಲೀನ ಶಾಸನಗಳು ಇವನ್ನು ಸಮರ್ಥಿಸುವುದಿಲ್ಲ. 1117ರಲ್ಲಿ ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯಾದಾಗ ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿಯನ್ನು ಎತ್ತಿಸಿದವಳು ಶಾಂತಲೆ. 1125ರಲ್ಲಿ ಶ್ರೀಪಾಲ ತ್ರೈವಿದ್ಯದೇವರಿಗೆ ಚಲ್ಯ ಗ್ರಾಮವನ್ನು ದತ್ತಿಯಿತ್ತವನು ವಿಷ್ಣುವರ್ಧನ. 1133ರ ವಿಜಯಪಾರ್ಶ್ವನ ಪ್ರಸಂಗವನ್ನು ಮೇಲೆಯೇ ಹೇಳಲಾಗಿದೆ. ಶೈವ ತಂದೆ, ಜೈನ ತಾಯಿ, ವಿಷ್ಣುಭಕ್ತನಾದ ಪತಿ ಇವರ ನಡುವೆ ಬಾಳಿದ ಶಾಂತಲೆಗೆ ಮತಭೇದವು ಪ್ರಾಣಾಂತಿಕವಾಯಿತೆಂದು ತೋರಿಸುವ ಒಂದು ಅಕ್ಷರವೂ ಶಾಸನಗಳಲ್ಲಿಲ್ಲ. ಕಾದಂಬರಿಯ ಕಥೆಯನ್ನು ಶಾಸನದ ಮುಂದೆ ನಿಲ್ಲಿಸಿ ಪರೀಕ್ಷಿಸುವ ಪಂಡಿತರು ಕಡತದ ಕಥೆಯನ್ನು ಮಾತ್ರ ಆ ಪರೀಕ್ಷೆಯಿಂದ ಬಿಟ್ಟುಬಿಡುವುದು ಸರಿಯಾಗದು.

ಬೇಲೂರಿನ ಮದನಿಕೆಗಳಲ್ಲಿ ಪ್ರಸಿದ್ಧವಾದ ದರ್ಪಣಸುಂದರಿಯು ಶಾಂತಲೆಯ ಪ್ರತಿರೂಪವೆಂಬ ಮಾತೂ ಇದೇ ಜಾತಿಯದು. ಆಕೆ ಗೀತವಾದ್ಯನೃತ್ಯಗಳಲ್ಲಿ ನಿಪುಣೆಯಾಗಿದ್ದಳೆಂಬುದಕ್ಕೆ ಶಾಸನಗಳ ಪ್ರಶಂಸೆಯೇ ಸಾಕ್ಷಿಯಾಗಿದೆ. ಆದರೆ ಶಿಲ್ಪಕ್ಕೂ ರಾಣಿಗೂ ಗಂಟುಹಾಕುವ ಶಾಸನವಿಲ್ಲ. ಈ ನಂಬಿಕೆಯಿಂದ ಯಾರಿಗೂ ಹಾನಿಯಿಲ್ಲವಾದ್ದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಈ ಎಲ್ಲ ಕಥೆಗಳ ನಡುವೆ ಒಂದು ವೈಚಿತ್ರ್ಯ ಉಳಿದಿದೆ. ಬೋಕಿಮಯ್ಯನು ಮಗಳ ಮರಣಕ್ಕೆ ಒಂದು ವಾಕ್ಯವನ್ನೂ, ತಾಯಿಯ ಸಮಾಧಿಗೆ ಶಾಸನದ ಅತ್ಯಂತ ವಿವರವಾದ ಭಾಗವನ್ನೂ ಮೀಸಲಿಟ್ಟನು. ಯಾವುದನ್ನು ತಾನು ಬಲ್ಲನೋ ಅದನ್ನು ವಿಸ್ತರಿಸಿದನು. ಉಳಿದುದನ್ನು ಒಂದು ಶಬ್ದದಲ್ಲಿ ಹೇಳಿ ಸುಮ್ಮನಾದನು. ಕಾದಂಬರಿಗಳಲ್ಲಿ ಈ ಪ್ರಮಾಣವು ತಲೆಕೆಳಗಾಗಿದೆ. ಸ್ಥಳ, ಗುರುಗಳ ಹೆಸರು, ಅನಶನದ ಅವಧಿ ಎಲ್ಲವೂ ಕಲ್ಲಿನ ಮೇಲೆ ದೊರೆಯುವ ಮಾಚಿಕಬ್ಬೆಯನ್ನು ನಾಯಿಕೆಯಾಗಿ ಮಾಡಿಕೊಂಡು ಹೆಸರಾದ ಕಾದಂಬರಿಯೊಂದೂ ಕನ್ನಡದಲ್ಲಿ ಬೆಳೆದಿಲ್ಲ. ಆಕೆ ಆ ತಿಂಗಳನ್ನು ಕಳೆದ ಬೆಳಗೊಳದ ಬೆಟ್ಟದಲ್ಲಿ ಆಕೆಯ ಹೆಸರಿನ ತಾಣವನ್ನು ಯಾರೂ ಯಾತ್ರಿಕರಿಗೆ ತೋರಿಸುವುದಿಲ್ಲ.